ಕೆರೆ ಕೋಡಿ ಬಿದ್ದಾಗ

ಕೆರೆ ಕೋಡಿ ಬಿದ್ದಿತೆಂದರೆ ನಮ್ಮ ಬಯಲುಸೀಮೆಯಲ್ಲಿ ಹಬ್ಬ. ಊರಿಗೆ ಊರೇ ಏರಿಯ ಮೇಲೆ ನೆರೆಯುತ್ತದೆ. ಆದರೆ ಆ ಸಂತೋಷದ ಗಳಿಗೆಯೇ ಎಚ್ಚರದ ಗಳಿಗೆಯೂ ಆಗಿರುತ್ತದೆ.

ಉತ್ತರ ಪಿನಾಕಿನಿಯು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಮಂಚೇನಹಳ್ಳಿ, ಗೌರಿಬಿದನೂರುಗಳ ಕಡೆ ಹರಿದು ಆಂಧ್ರವನ್ನು ಸೇರುತ್ತದೆ. ವರ್ಷದ ಬಹುಭಾಗ ಅದು ಒಣಗಿದ ಹೊಳೆ. ಆದರೂ 2021ರ ನವೆಂಬರಿನಲ್ಲಿ ಹಿಂಗಾರು ಬಲವಾಗಿ ಸುರಿದಾಗ ಕೆರೆಗಳು ಕೋಡಿ ಬಿದ್ದು, ಹೊಳೆ ಉಕ್ಕಿ ಹರಿಯಿತು. ಇಷ್ಟು ನೀರು ಎಲ್ಲಿಂದ ಬಂದಿತು? ಲೆಕ್ಕ ಹಾಕಿ ನೋಡೋಣ.

ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಚದರ ಕಿಲೋಮೀಟರಿನ ಮೇಲೆ 100 ಮಿಲಿಮೀಟರ್ ಬಿದ್ದರೆ 10 ಕೋಟಿ ಲೀಟರ್! ನೆಲವು ಮೊದಲೇ ನೆನೆದಿದ್ದರೆ ಇದರ ಬಹುಪಾಲು ಹರಿದೇ ಹೋಗಬೇಕು.

ನಮ್ಮ ಕೆರೆಗಳು ಸರಪಣಿಯಂತೆ ಹೆಣೆದುಕೊಂಡಿವೆ. ಮೇಲಿನ ಕೆರೆಯ ಕೋಡಿನೀರು ಕೆಳಗಿನ ಕೆರೆಗೆ ಬರುತ್ತದೆ. ಕೋಡಿಯಲ್ಲಿ ಗಿಡಗಂಟಿ ಬೆಳೆದಿದ್ದರೆ ನೀರು ಮಣ್ಣಿನ ಏರಿಯನ್ನೇ ಮೀರಿ, ಅದರ ಹಿಂಬದಿಯನ್ನು ಕೊರೆದು ಒಡೆಯುತ್ತದೆ. ಒಂದು ಏರಿ ಒಡೆದರೆ ಕೆಳಗಿನದಕ್ಕೂ ಗಂಡಾಂತರ. 2021ರ ನವೆಂಬರ್ 19ರಂದು, ಆಂಧ್ರದಲ್ಲಿ ಇದೇ ಪಿನಾಕಿನಿಯ ಉಪನದಿಯಾದ ಚೆಯ್ಯೇರಿನ ಅನ್ನಮಯ್ಯ ಅಣೆಕಟ್ಟಿನ ಮಣ್ಣಿನ ಕಟ್ಟೆ ಹೀಗೆಯೇ ಕೊಚ್ಚಿಹೋಗಿ, ಕೆಳಗಿನ ಹಳ್ಳಿಗಳಲ್ಲಿ ಅನೇಕರು ಪ್ರಾಣ ಕಳೆದುಕೊಂಡರು.

ಹಾಗಾದರೆ ನಾವು ಮಾಡತಕ್ಕುದೇನು? ಮಳೆಗಾಲಕ್ಕೆ ಮುಂಚೆಯೇ ಕೋಡಿಯನ್ನೂ ಕಾಲುವೆಯನ್ನೂ ತೆರವು ಮಾಡಿಸಬೇಕು. ಮಳೆ ಹಿಡಿದಾಗ ಏರಿಯ ಬುಡವನ್ನು ಗಮನಿಸುತ್ತಿರಬೇಕು. ಅಲ್ಲಿ ತಿಳಿನೀರು ಸ್ವಲ್ಪ ಜಿನುಗುವುದು ಸಾಮಾನ್ಯ. ರಾಡಿನೀರು ಬಂದರೆ ಒಳಗಿನ ಮಣ್ಣು ಕರಗುತ್ತಿದೆಯೆಂದು ಅರ್ಥ. ಆಗ ಏರಿಯಿಂದ ದೂರ ಸರಿದು, ತಗ್ಗಿನ ಮನೆಗಳವರನ್ನು ಎಬ್ಬಿಸಿ, ದಿಣ್ಣೆಗೆ ಕಳುಹಿಸಿ, 112ಕ್ಕೆ ತಿಳಿಸಬೇಕು.

ಇನ್ನೊಂದು ಮಾತು. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದರ ನೂಕುಬಲ ನಾಲ್ಕರಷ್ಟಾಗುತ್ತದೆ. ಮೊಣಕಾಲುದ್ದದ ನೀರೂ ಆಳನ್ನು ಉರುಳಿಸಬಲ್ಲುದು. ದಿನವೂ ದಾಟಿದ ಸೇತುವೆಯೆಂಬ ಧೈರ್ಯ ಅಂದು ಸಲ್ಲದು. ನೀರು ಇಳಿಯುವವರೆಗೆ ಈಚೆ ದಡದಲ್ಲಿಯೇ ಕಾಯುವುದು ವಿವೇಕ.