ಸೋರೆಬುರುಡೆಯಿಂದ ಗಾಳಿಯಂಗಿಯವರೆಗೆ



ನಮ್ಮ ಯಾದಗಿರಿ ಜಿಲ್ಲೆಗೆ ಸಮುದ್ರವಿಲ್ಲ, ಹಡಗೂ ಇಲ್ಲ. ಆದರೆ ನೀರಿಗೇನು ಕಡಿಮೆ? ಯಾದಗಿರಿ ಪಟ್ಟಣದ ಮಗ್ಗುಲಲ್ಲಿ ಭೀಮಾ ನದಿ ಇದೆ. ಸುರಪುರ, ಶಹಾಪುರ ತಾಲ್ಲೂಕುಗಳ ಅಂಚಿನಲ್ಲಿ ಕೃಷ್ಣಾ ನದಿ ಹರಿಯುತ್ತದೆ. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆ ನಮ್ಮ ಹೊಲಗಳ ನಡುವೆಯೇ ಹಾದುಹೋಗುತ್ತದೆ. ಇವುಗಳ ಜೊತೆಗೆ ಕೆರೆ, ಬಾವಿ, ಕೃಷಿಹೊಂಡಗಳೂ ಇವೆ. ಆದ್ದರಿಂದ ಹಡಗಿನವರು ಜೀವ ಉಳಿಸಿಕೊಳ್ಳಲು ಧರಿಸುವ ಅಂಗಿಯ ವಿಜ್ಞಾನ ನಮಗೂ ಬೇಕಾದದ್ದೇ.

2019ರ ಆಗಸ್ಟ್‌ನಲ್ಲಿ ಕೃಷ್ಣೆಗೆ ಪ್ರವಾಹ ಬಂದು ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆ ಮುಳುಗಿತ್ತು. ಆಗ ರಕ್ಷಣಾ ತಂಡದವರು ಧರಿಸಿದ್ದ ಕಿತ್ತಳೆ ಬಣ್ಣದ ದಪ್ಪ ಅಂಗಿಯ ಚಿತ್ರವನ್ನು ಒಂದು ಶಾಲೆಯಲ್ಲಿ ತೋರಿಸಿದೆ. ಆರನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್ರೀ, ಈ ಅಂಗಿ ಹಾಸಿಗಿಗತೆ ದಪ್ಪ ಅದ. ಹಡಗಿನ್ಯಾಗ ಕೆಲಸ ಮಾಡೋರು ದಿನಾ ಇದನ್ನೇ ಹಾಕ್ಕೊಂಡು ಹ್ಯಾಂಗ ಕೆಲಸ ಮಾಡ್ತಾರ್ರೀ?"

ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಮೊದಲು ನಮ್ಮ ಜಿಲ್ಲೆಯದೇ ಒಂದು ಘಟನೆಯನ್ನು ತಿಳಿಯೋಣ.

ನಡುಗಡ್ಡೆಯ ತಾಯಿ

ಸುರಪುರ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ಮಧ್ಯೆ ನೀಲಕಂಠರಾಯನಗಡ್ಡಿ ಎಂಬ ಊರಿದೆ. 2014ರ ಮಳೆಗಾಲದಲ್ಲಿ ನದಿ ತುಂಬಿ ಈ ಊರಿನ ಸಂಪರ್ಕ ಕಡಿದುಹೋಗಿತ್ತು. ಊರಲ್ಲಿ ಆಸ್ಪತ್ರೆ ಇರಲಿಲ್ಲ. ಅಲ್ಲಿ ಒಬ್ಬ ತುಂಬು ಗರ್ಭಿಣಿ ಇದ್ದರು. ಹೆರಿಗೆಯ ದಿನ ಹತ್ತಿರವಾಗಿತ್ತು. ಆಚೆ ದಡದ ಕಕ್ಕೇರಿ ಕಡೆಗೆ ಹೋಗಲೇಬೇಕಿತ್ತು. ಅವರು ಒಣಗಿಸಿದ ಟೊಳ್ಳು ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಜೊತೆಯಲ್ಲಿ ಹೊಳೆಗೆ ಇಳಿದರು. ಸೆಳವಿನಲ್ಲಿ ಈಜಿ ಕ್ಷೇಮವಾಗಿ ದಡ ಸೇರಿದರು. ಈ ಸುದ್ದಿ ದೇಶ ವಿದೇಶಗಳ ಪತ್ರಿಕೆಗಳಲ್ಲಿ ಬಂತು.

ಅಂಥ ಪ್ರವಾಹಕ್ಕೆ ಯಾರೂ ಇಳಿಯಬಾರದು. ಆ ತಾಯಿಗೆ ಬೇರೆ ದಾರಿ ಇರಲಿಲ್ಲ. ಆದರೆ ಆ ಬುರುಡೆಗಳನ್ನು ಗಮನಿಸಿ. ಪೇಟೆಯಲ್ಲಿ ಕೊಂಡದ್ದಲ್ಲ, ಹಿತ್ತಲಲ್ಲಿ ಬೆಳೆದದ್ದು. ನಾನು ಚಿಕ್ಕವನಿದ್ದಾಗ ಊರ ಬಾವಿಯಲ್ಲಿ ಈಜು ಕಲಿತದ್ದೂ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡೇ. ಬುರುಡೆ ಮಾಡುವ ಕೆಲಸ ಯಾವುದು?

ಬುರುಡೆಯ ಗುಟ್ಟು

ಬಾಯಿ ಮುಚ್ಚಿದ ಖಾಲಿ ಬಾಟಲಿಯನ್ನು ಬಕೆಟ್ ನೀರಿನೊಳಗೆ ಕೈಯಿಂದ ಒತ್ತಿ. ಅದು ನಿಮ್ಮ ಕೈಯನ್ನು ಮೇಲಕ್ಕೆ ತಳ್ಳುತ್ತದೆ. ನೀರು ಕೊಡುವ ಈ ಮೇಲ್ಮುಖ ಬಲಕ್ಕೆ ಪ್ಲವನ ಬಲ ಎನ್ನುತ್ತಾರೆ. ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಇದರ ನಿಯಮ ಹೇಳಿದ: ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ, ಆ ನೀರಿನ ತೂಕದಷ್ಟು ಬಲ ಅದನ್ನು ಮೇಲಕ್ಕೆ ತಳ್ಳುತ್ತದೆ.

ಲೆಕ್ಕ ಹಾಕಿ: ಒಂದು ಬುರುಡೆಯ ಗಾತ್ರ 5 ಲೀಟರ್ ಎಂದಿಟ್ಟುಕೊಳ್ಳಿ. ಪೂರ್ತಿ ಮುಳುಗಿದರೆ ಅದು 5 ಲೀಟರ್ ನೀರನ್ನು ಸರಿಸುತ್ತದೆ. 1 ಲೀಟರ್ ನೀರಿನ ತೂಕ 1 ಕಿಲೋ. ಬುರುಡೆಯ ಸ್ವಂತ ತೂಕ ಅರ್ಧ ಕಿಲೋ ಆದರೆ, ಅದು ಎತ್ತಿ ಹಿಡಿಯಬಲ್ಲ ಭಾರ 5 – ½ = 4½ ಕಿಲೋ.

"ಇಷ್ಟೇನಾ? ಮನುಷ್ಯನ ತೂಕ 50-60 ಕಿಲೋ ಇರುತ್ತದಲ್ಲ?" ಎಂದು ನೀವು ಕೇಳಬಹುದು. ನಮ್ಮ ದೇಹದ ಸಾಂದ್ರತೆ ಹೆಚ್ಚು ಕಡಿಮೆ ನೀರಿನಷ್ಟೇ ಇದೆ. ಕತ್ತಿನವರೆಗಿನ ದೇಹವನ್ನು ನೀರೇ ಹೊತ್ತುಕೊಳ್ಳುತ್ತದೆ. ಉಸಿರಾಡಲು ತಲೆಯನ್ನು ಹೊರಗೆ ಇಟ್ಟಾಗ ಅದರ ಭಾರ ಮಾತ್ರ ಹೆಚ್ಚಾಗುತ್ತದೆ. ದೊಡ್ಡವರಿಗೂ ಬೇಕಾಗುವ ಹೆಚ್ಚಿನ ಆಸರೆ ಸುಮಾರು 3ರಿಂದ 5 ಕಿಲೋ ಅಷ್ಟೆ. ಒಂದೆರಡು ಬುರುಡೆಗಳು ಜೀವ ಉಳಿಸುವುದು ಹೀಗೆ. ಅವುಗಳೊಳಗೆ ಸಿಕ್ಕಿಕೊಂಡ ಗಾಳಿಯೇ ಇಲ್ಲಿ ಆಸರೆ.

ಬೆಂಡು, ಬೂರುಗ, ಗಾಳಿ

ಗಾಳಿಯನ್ನು ಹಿಡಿದಿಡುವ ಉಪಾಯವನ್ನು ಬೇರೆ ಬೇರೆ ಜನ ತಮ್ಮ ಬಳಿ ಇದ್ದ ವಸ್ತುಗಳಿಂದಲೇ ಕಂಡುಕೊಂಡರು. ಈಗಿನ ಇರಾಕ್ ದೇಶದಲ್ಲಿ ಸಿಕ್ಕ, ಸುಮಾರು 2,900 ವರ್ಷ ಹಳೆಯ ಕಲ್ಲಿನ ಕೆತ್ತನೆಯಲ್ಲಿ ಗಾಳಿ ಊದಿದ ಚರ್ಮದ ತಿತ್ತಿ ಹಿಡಿದು ನದಿ ಈಜುವ ಸೈನಿಕರಿದ್ದಾರೆ. ಆ ಕೆತ್ತನೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

1854ರಲ್ಲಿ ಬ್ರಿಟನ್ನಿನ ಕ್ಯಾಪ್ಟನ್ ವಾರ್ಡ್ ಎಂಬುವರು ಕಾರ್ಕ್ ಬೆಂಡಿನ ತುಂಡುಗಳನ್ನು ಹೊಲಿದು ಅಂಗಿ ಮಾಡಿದರು. ಏಳು ವರ್ಷಗಳ ನಂತರ, 1861ರ ಫೆಬ್ರುವರಿಯಲ್ಲಿ, ವಿಟ್ಬಿ ಎಂಬ ಊರಿನ ಕಡಲಲ್ಲಿ ಬಿರುಗಾಳಿ ಎದ್ದಿತು. ಅಪಾಯದಲ್ಲಿದ್ದ ಹಡಗುಗಳ ಜನರನ್ನು ಕಾಪಾಡಲು ಹೋದ ದೋಣಿಯೇ ಮಗುಚಿತು. ಅದರಲ್ಲಿದ್ದ 13 ಜನರಲ್ಲಿ 12 ಜನ ಸತ್ತರು. ಬದುಕಿದ ಒಬ್ಬನೇ ಹೆನ್ರಿ ಫ್ರೀಮನ್. ಅವರಲ್ಲಿ ಹೊಸ ಬೆಂಡಿನ ಅಂಗಿ ಧರಿಸಿದ್ದವನೂ ಅವನೊಬ್ಬನೇ! ಉಳಿದವರೂ ಕಡಲನ್ನು ಬಲ್ಲ ಗಟ್ಟಿ ಆಳುಗಳೇ ಆಗಿದ್ದರು.

ಬಳಿಕ ಬೆಂಡಿನ ಬದಲು ಬೂರುಗದ ಹತ್ತಿಯನ್ನು ತುಂಬಿದರು. ಹೌದು, ದಿಂಬಿಗೆ ತುಂಬುವ ಅದೇ ಹತ್ತಿ. ಅದರ ಒಂದೊಂದು ಎಳೆಯೂ ಒಳಗೆ ಟೊಳ್ಳು, ಮೇಲೆ ಮೇಣದಂಥ ಲೇಪ. ಆದ್ದರಿಂದ ನೀರು ಬೇಗ ಒಳಸೇರುವುದಿಲ್ಲ. ಇಂದು ಅದರ ಜಾಗಕ್ಕೆ ಫೋಮ್ ಬಂದಿದೆ. ರಕ್ಷಣಾ ತಂಡದವರ ದಪ್ಪ ಅಂಗಿಯೊಳಗೆ ಇರುವುದು ಈ ಫೋಮ್.

ಆದರೆ ಹಡಗಿನಲ್ಲಿ ಹಗ್ಗ ಎಳೆಯುವವನು, ಏಣಿ ಹತ್ತುವವನು ಹಾಸಿಗೆಯಂಥ ಅಂಗಿ ಹಾಕಿಕೊಂಡು ಕೆಲಸ ಮಾಡುವುದು ಕಷ್ಟ. ಸೆಖೆ, ಭಾರ ಎಂದು ತೆಗೆದಿಡುತ್ತಾನೆ. ತೆಗೆದಿಟ್ಟ ಅಂಗಿ ಅವನನ್ನು ಉಳಿಸದು. ಬೇಕಾದಾಗ ಮಾತ್ರ ಉಬ್ಬುವ ಅಂಗಿ ಹುಟ್ಟಿದ್ದು ಇದಕ್ಕಾಗಿ. 1928ರಲ್ಲಿ ಅಮೆರಿಕದ ಪೀಟರ್ ಮಾರ್ಕಸ್ ಅಂಥ ಅಂಗಿಗೆ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ವಿಮಾನ ಚಾಲಕರು ಉಬ್ಬುವ ಅಂಗಿಗಳನ್ನು ಬಳಸಿದರು.

ಗಾಳಿಯಂಗಿ ಉಬ್ಬುವುದು ಹೇಗೆ?

ಉಬ್ಬುವ ಮೊದಲು ಅದು ಕುತ್ತಿಗೆಯ ಸುತ್ತ ಬಂದು ಎದೆಯ ಮೇಲೆ ಇಳಿಬಿದ್ದ ಅಗಲ ಪಟ್ಟಿಯಂತೆ ಕಾಣುತ್ತದೆ. ಪಟ್ಟಿಯೊಳಗೆ ಮಡಚಿಟ್ಟ ಗಾಳಿಚೀಲವಿದೆ. ಜೊತೆಗೆ ಒಂದು ಪುಟ್ಟ ಉಕ್ಕಿನ ಸಿಲಿಂಡರ್. ಅದರಲ್ಲಿ ಇಂಗಾಲದ ಡೈಆಕ್ಸೈಡನ್ನು ಒತ್ತಡದಿಂದ ದ್ರವವಾಗಿಸಿ ತುಂಬಿರುತ್ತಾರೆ. ಸೋಡಾ ಬಾಟಲಿ ತೆರೆದಾಗ ಬುಸ್ಸೆಂದು ಬರುವ ಅನಿಲವೂ ಇದೇ.

ಸಾಮಾನ್ಯವಾಗಿ ಸಿಲಿಂಡರಿನಲ್ಲಿ 33 ಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಇದು ಒಂದು ಕೋಳಿಮೊಟ್ಟೆಗಿಂತ ಹಗುರ. ಆದರೆ ಹೊರಬಂದು ಅನಿಲವಾದಾಗ ಸುಮಾರು 17-18 ಲೀಟರ್ ಜಾಗ ತುಂಬುತ್ತದೆ! ಇಂಥ ಅಂಗಿಯ ಆಸರೆ 150 ನ್ಯೂಟನ್, ಅಂದರೆ ಸುಮಾರು 15 ಕಿಲೋ ಭಾರ ಎತ್ತುವಷ್ಟು. ನಮ್ಮ ಬುರುಡೆಯ ಲೆಕ್ಕಕ್ಕೆ ಇದನ್ನು ಹೋಲಿಸಿ ನೋಡಿ.

ಸಿಲಿಂಡರನ್ನು ತೆರೆಯುವವರು ಯಾರು? ಮೂರು ದಾರಿಗಳಿವೆ.

1. ದಾರ ಎಳೆದರೆ ಒಂದು ಸೂಜಿ ಸಿಲಿಂಡರಿನ ಬಾಯಿಯನ್ನು ಚುಚ್ಚುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಚೀಲ ಉಬ್ಬುತ್ತದೆ.

2. ಧರಿಸಿದವನು ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿ ನೀರಿಗೆ ಬಿದ್ದರೆ? ಸೂಜಿಯನ್ನು ಒಂದು ಸ್ಪ್ರಿಂಗ್ ತಳ್ಳುತ್ತಿರುತ್ತದೆ. ಆ ಸ್ಪ್ರಿಂಗನ್ನು ತಡೆದು ನಿಲ್ಲಿಸಿರುವುದು ನೀರಲ್ಲಿ ಕರಗುವ ಒಂದು ಗುಳಿಗೆ ಅಥವಾ ನೆನೆದರೆ ಮೆತ್ತಗಾಗುವ ಕಾಗದದಂಥ ತುಂಡು. ನೀರು ತಗುಲಿದೊಡನೆ ತಡೆ ಕರಗುತ್ತದೆ, ಸೂಜಿ ಚುಚ್ಚುತ್ತದೆ, ಅಂಗಿ ತಾನಾಗಿಯೇ ಉಬ್ಬುತ್ತದೆ.

3. ಎರಡೂ ಕೈಕೊಟ್ಟರೆ ಬಾಯಿಂದ ಊದಲು ಒಂದು ನಳಿಕೆ ಇದೆ.

ಹಡಗುಗಳ ಅಂತರರಾಷ್ಟ್ರೀಯ ಸುರಕ್ಷತಾ ನಿಯಮ ಈ ಮೂರೂ ಇರಲೇಬೇಕು ಎನ್ನುತ್ತದೆ. ಗಾಳಿಚೀಲಗಳೂ ಬೇರೆ ಬೇರೆಯಾಗಿ ಎರಡು ಇರಬೇಕು; ಒಂದು ತೂತಾದರೂ ಇನ್ನೊಂದು ಕೈಹಿಡಿಯುತ್ತದೆ. ಕರೆಯಲು ಒಂದು ಸೀಟಿ, ಕತ್ತಲಲ್ಲಿ ಕಾಣಲು ದೀಪ ಮತ್ತು ಹೊಳೆಯುವ ಪಟ್ಟಿಯೂ ಬೇಕು.

ಮುಖ ಮೇಲೆ, ಬೆನ್ನು ಕೆಳಗೆ

ಈಗ ಒಂದು ಮುಖ್ಯ ವಿಷಯ. ಬೆನ್ನಿಗೆ ಕಟ್ಟಿದ ಬುರುಡೆ ಈಜುವವನಿಗೆ ಆಸರೆ. ಆದರೆ ಅವನಿಗೆ ಎಚ್ಚರ ತಪ್ಪಿದರೆ ಅದೇ ಬುರುಡೆ ಬೆನ್ನನ್ನು ಮೇಲೆತ್ತಿ ಮುಖವನ್ನು ನೀರಿಗೆ ತಿರುಗಿಸುತ್ತದೆ. ಮುಖ ಮುಳುಗಿದರೆ ತೇಲಿದರೂ ಪ್ರಯೋಜನವಿಲ್ಲ. ಆದ್ದರಿಂದ ಗಾಳಿಯಂಗಿಯಲ್ಲಿ ಚೀಲ ಇರುವುದು ಎದೆಯ ಮೇಲೆ ಮತ್ತು ಕತ್ತಿನ ಹಿಂದೆ. ಎಚ್ಚರ ತಪ್ಪಿದವನನ್ನೂ ಅದು ಮುಖ ಮೇಲಾಗುವಂತೆ ಹೊರಳಿಸುತ್ತದೆ.

ಮಾಡಿ ನೋಡಿ

ಪ್ರಯೋಗ 1: ಅರ್ಧ ಲೀಟರ್ ಬಾಟಲಿಗೆ ನೀರು ತುಂಬಿ ಮುಚ್ಚಳ ಹಾಕಿ. ಕತ್ತಿನ ಹತ್ತಿರ ಒಂದು ಬದಿಗೆ ಕಣ್ಣು, ಮೂಗು, ಬಾಯಿ ಬರೆಯಿರಿ. ನಿಂಬೆಹಣ್ಣಿನಷ್ಟು ಊದಿದ ಎರಡು ಬಲೂನುಗಳನ್ನು ಬಾಟಲಿಯ 'ಬೆನ್ನಿಗೆ' ಕಟ್ಟಿ ಬಕೆಟ್ ನೀರಿನಲ್ಲಿ ಬಿಡಿ. ಮುಖ ಯಾವ ಕಡೆ ತಿರುಗಿತು? ಈಗ ಅವನ್ನೇ 'ಎದೆಗೆ' ಕಟ್ಟಿ ನೋಡಿ.

ಪ್ರಯೋಗ 2: ಬೆರಳಗಲದ ಪತ್ರಿಕೆಯ ಕಾಗದದ ಪಟ್ಟಿಗೆ ಒಂದು ಸಣ್ಣ ಕಲ್ಲು ಕಟ್ಟಿ ತೂಗುಹಾಕಿ. ಒಣಗಿದ್ದಾಗ ಅದು ಕಲ್ಲನ್ನು ಹಿಡಿದುಕೊಳ್ಳುತ್ತದೆ. ಈಗ ಕಾಗದದ ನಡುವೆ ಕೆಲವು ಹನಿ ನೀರು ಹಾಕಿ. ಸ್ವಲ್ಪ ಹೊತ್ತಿನಲ್ಲಿ ಕಾಗದ ಹರಿದು ಕಲ್ಲು ಬೀಳುತ್ತದೆ. ತಾನಾಗಿ ಉಬ್ಬುವ ಅಂಗಿಯ ತತ್ವ ಇದೇ.

ಅಂಗಿಗೂ ಮಿತಿಗಳಿವೆ

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಮುಳುಗಿ ಸುಮಾರು 1,500 ಜನ ಸತ್ತರು. ಅವರಲ್ಲಿ ಎಷ್ಟೋ ಜನ ಬೆಂಡಿನ ಅಂಗಿ ಧರಿಸಿ ತೇಲುತ್ತಿದ್ದರು. ಅವರ ಪ್ರಾಣ ತೆಗೆದದ್ದು ಹಿಮದಂಥ ನೀರಿನ ಚಳಿ. ಅಂಗಿ ತೇಲಿಸುತ್ತದೆ, ಬೆಚ್ಚಗಿಡುವುದಿಲ್ಲ. ಆದ್ದರಿಂದ ತೇಲುವವರನ್ನು ಬೇಗ ಮೇಲೆತ್ತುವ ದೋಣಿಯೂ ಬೇಕು.

ವಿಮಾನಗಳಲ್ಲೂ ಸೀಟಿನ ಕೆಳಗೆ ಗಾಳಿಯಂಗಿ ಇರುತ್ತದೆ. 1996ರಲ್ಲಿ ಅಪಹರಣಕ್ಕೊಳಗಾದ ಇಥಿಯೋಪಿಯಾದ ವಿಮಾನವೊಂದು ಕೊಮೊರೋಸ್ ದ್ವೀಪಗಳ ಬಳಿ ಸಮುದ್ರಕ್ಕೆ ಬಿತ್ತು. ಗಾಬರಿಯಲ್ಲಿ ಹಲವರು ಒಳಗೇ ಅಂಗಿ ಉಬ್ಬಿಸಿಕೊಂಡಿದ್ದರು. ನೀರು ನುಗ್ಗಿದಾಗ ಅಂಗಿ ಅವರನ್ನು ಛಾವಣಿಗೆ ಒತ್ತಿ ಹಿಡಿಯಿತು. ಮುಳುಗಿ ಬಾಗಿಲಿಗೆ ಬರಲಾಗಲಿಲ್ಲ. ಧರಿಸುವುದು ಒಳಗೆ, ಉಬ್ಬಿಸುವುದು ಹೊರಗೆ ಎಂಬುದು ವಿಮಾನದ ನಿಯಮ.

ಹಾಗಾದರೆ ಕೃಷ್ಣೆಯ ಪ್ರವಾಹಕ್ಕೆ ಬಂದವರು ಫೋಮ್ ಅಂಗಿಯನ್ನೇ ಏಕೆ ಧರಿಸಿದ್ದರು? ಪ್ರವಾಹದಲ್ಲಿ ಜಾಲಿಮುಳ್ಳು, ಮುರಿದ ತಗಡು ತೇಲಿ ಬರುತ್ತವೆ. ಗಾಳಿಚೀಲ ತೂತಾಗಬಹುದು. ಒಂದು ಸಿಲಿಂಡರ್ ಒಮ್ಮೆ ಮಾತ್ರ ಕೆಲಸ ಮಾಡುತ್ತದೆ. ರಕ್ಷಣೆ ಮಾಡುವವರು ದಿನಕ್ಕೆ ಹತ್ತು ಸಲ ನೀರಿಗೆ ಇಳಿಯಬೇಕಾಗುತ್ತದೆ. ಫೋಮ್‌ಗೆ ಮುಳ್ಳು ಚುಚ್ಚಿದರೂ ಅದು ತೇಲುತ್ತದೆ. ಹೀಗೆ ಕೆಲಸಕ್ಕೆ ತಕ್ಕ ಅಂಗಿ.

ನಮ್ಮ ಕಾಲುವೆಯ ದಡದಲ್ಲಿ

ನಮ್ಮ ಮನೆಗಳಲ್ಲಿ ಇಂಥ ಅಂಗಿ ಇಲ್ಲ. ಆದರೆ ಗಾಳಿ ತುಂಬಿದ ಕ್ಯಾನ್ ಇದೆಯಲ್ಲ! ಯಾರಾದರೂ ನೀರಿಗೆ ಬಿದ್ದಾಗ ಈಜು ಬರುತ್ತದೆಂದು ನೀವು ಹಾರಬೇಡಿ. ಮುಳುಗುವವರು ಗಾಬರಿಯಲ್ಲಿ ಕಾಪಾಡಲು ಬಂದವರನ್ನೇ ಅಪ್ಪಿ ಹಿಡಿಯುತ್ತಾರೆ. ಒಂದು ಜೀವದ ಬದಲು ಎರಡು ಹೋಗುತ್ತವೆ. ಬದಲಿಗೆ ಹೀಗೆ ಮಾಡಿ:

• ಜೋರಾಗಿ ಕೂಗಿ ದೊಡ್ಡವರನ್ನು ಕರೆಯಿರಿ. 112ಕ್ಕೆ ಫೋನ್ ಮಾಡಿಸಿ.

• ಮುಚ್ಚಳ ಬಿಗಿಯಾಗಿ ಹಾಕಿದ ಖಾಲಿ ಕ್ಯಾನನ್ನು ಅವರ ಕಡೆ ಎಸೆಯಿರಿ. ಒಂದು ಲೋಟ ನೀರು ಒಳಗಿದ್ದರೆ ದೂರ ಎಸೆಯಲು ಅನುಕೂಲ. ಹಗ್ಗ ಕಟ್ಟಿದ್ದರೆ ಇನ್ನೂ ಒಳ್ಳೆಯದು.

• ಹತ್ತಿರವಿದ್ದರೆ ದಡದಲ್ಲಿ ಮಲಗಿ ಉದ್ದ ಕೋಲನ್ನೋ ಸೀರೆಯನ್ನೋ ಚಾಚಿ. ನಿಂತು ಎಳೆದರೆ ನೀವೇ ಜಾರಬಹುದು.

• ಕಾಲುವೆಯ ಗೋಡೆ ಇಳಿಜಾರು, ಪಾಚಿಯಿಂದ ಜಾರುತ್ತದೆ. ಹತ್ತಿ ಬರುವುದು ಕಷ್ಟ. ದೊಡ್ಡವರಿಲ್ಲದೆ ಅಲ್ಲಿಗೆ ಹೋಗಬೇಡಿ.

• ಬುರುಡೆ, ಟ್ಯೂಬು, ಕ್ಯಾನ್‌ಗಳನ್ನು ನಂಬಿ ಆಳಕ್ಕೆ ಇಳಿಯಬೇಡಿ. ದಾರ ಬಿಚ್ಚಿದರೆ, ಕೈ ತಪ್ಪಿದರೆ ಆಸರೆ ಹೋಯಿತು.

ನಿಮ್ಮ ಹೊಲದ ಕೃಷಿಹೊಂಡದ ಪಕ್ಕ ಒಂದು ಗೂಟ ನೆಟ್ಟು, ಹಗ್ಗ ಕಟ್ಟಿದ 5 ಲೀಟರಿನ ಖಾಲಿ ಕ್ಯಾನ್ ತೂಗುಹಾಕಲು ಮನೆಯವರಿಗೆ ಹೇಳಿ. ಅಡುಗೆ ಎಣ್ಣೆಯ ಕ್ಯಾನ್ ಆಗಬಹುದು. ಬೆಳೆಗೆ ಹೊಡೆಯುವ ಔಷಧದ ಕ್ಯಾನ್ ಮಾತ್ರ ಬೇಡ, ಅದು ವಿಷ. ಖರ್ಚು ಏನೂ ಇಲ್ಲ, ಹತ್ತು ನಿಮಿಷದ ಕೆಲಸ.

ಯೋಚಿಸಿ ಉತ್ತರಿಸಿ

1. ನಿಮ್ಮ 5 ಲೀಟರ್ ಕ್ಯಾನಿನ ತೂಕ 150 ಗ್ರಾಂ ಇದ್ದರೆ ಅದು ಎಷ್ಟು ಭಾರವನ್ನು ಎತ್ತಿ ಹಿಡಿಯಬಲ್ಲದು?

2. ಕ್ಯಾನಿನ ಮುಚ್ಚಳ ಸಡಿಲವಾಗಿದ್ದರೆ ಏನಾಗುತ್ತದೆ? ಏಕೆ?

3. ಗಾಳಿಯಂಗಿಯ ಸಿಲಿಂಡರನ್ನು ವರ್ಷಕ್ಕೊಮ್ಮೆ ಏಕೆ ಪರೀಕ್ಷಿಸಬೇಕು?

4. ನಿಮ್ಮ ಅಜ್ಜ ಅಜ್ಜಿಯರು ಯಾವುದನ್ನು ಕಟ್ಟಿಕೊಂಡು ಈಜು ಕಲಿತರು? ಕೇಳಿ ಬರೆದುಕೊಂಡು ಬನ್ನಿ. ತರಗತಿಯಲ್ಲಿ ಓದಿ ಹೇಳಿ.