ನಿತ್ಯ ಸಂಚಾರಕ್ಕೆ ಮಿತವ್ಯಯದ ಸೈಕಲ್ಲು

ಮಧುಮೇಹವೂ ರಕ್ತದೊತ್ತಡವೂ ನೌಕರವರ್ಗದ ಮನೆಗಳಲ್ಲಿ ನೆಲೆಯೂರಿರುವ ಈ ಕಾಲದಲ್ಲಿ ವೈದ್ಯರು ವ್ಯಾಯಾಮವನ್ನು ವಿಧಿಸುತ್ತಾರೆ. ಕಚೇರಿಯ ವೇಳಾಪಟ್ಟಿ ಅದಕ್ಕೆ ಎಡೆಗೊಡುವುದಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯೊಂದು ಭಾರತದ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆಯೆಂದು ಅಂದಾಜು ಮಾಡಿತು. ವಯಸ್ಕರಿಗೆ ವಾರದಲ್ಲಿ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಶ್ರಮ ಅವಶ್ಯವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ. ಕಾಚಿಗುಡದಲ್ಲಿಯೋ ಮಲಕಪೇಟೆಯಲ್ಲಿಯೋ ಮನೆಮಾಡಿಕೊಂಡು, 6 ಕಿಲೋಮೀಟರು ದೂರದ ಕಚೇರಿಗೆ ಸೈಕಲ್ಲಿನಲ್ಲಿ ಹೋಗಿಬರುವ ಗೃಹಸ್ಥನಿಗೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆಯಂತೆ 5 ದಿನಗಳಲ್ಲಿ ಆ 300 ನಿಮಿಷಗಳು ತಾವಾಗಿಯೇ ಕೂಡಿಬರುತ್ತವೆ. ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು ಪರಿಶೀಲಿಸಿದ ಗ್ಲಾಸ್ಗೋ ವಿಶ್ವವಿದ್ಯಾಲಯದ ತಜ್ಞರು, ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರಲ್ಲಿ ಅಕಾಲ ಮರಣದ ಸಂಭವ ಶೇಕಡಾ 41ರಷ್ಟು ಕಡಿಮೆಯಿದ್ದಿತೆಂದು 2017ರಲ್ಲಿ ವರದಿ ಮಾಡಿದರು. ಇದರಲ್ಲಿ ಎಷ್ಟು ಪಾಲು ಸೈಕಲ್ಲಿನದು, ಎಷ್ಟು ಪಾಲು ಅಂಥವರ ಇತರ ಸದಭ್ಯಾಸಗಳದು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಆದರೂ ಕಡೆಗಣಿಸುವಂಥ ಅಂಕಿಯಲ್ಲ.

ಈ ಲಾಭವೆಲ್ಲ ತುಳಿದ ಸೈಕಲ್ಲಿನದೇ ಹೊರತು ಕೊಂಡ ಸೈಕಲ್ಲಿನದಲ್ಲ. ಉತ್ಸಾಹದಿಂದ ಕೊಂಡುತಂದು, ಎರಡು ತಿಂಗಳಲ್ಲಿ ಮೊಗಸಾಲೆಯ ಮೂಲೆ ಸೇರಿದ ಸೈಕಲ್ಲುಗಳು ಹೈದರಾಬಾದಿನ ಬಹುಮಹಡಿ ಕಟ್ಟಡಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಊರಿನ ನೆಲಕ್ಕೂ ಸವಾರನ ಮೈಕಟ್ಟಿಗೂ ಹೊಂದದ ವಾಹನವನ್ನು ಆರಿಸಿದ್ದೇ ಇದಕ್ಕೆ ಮುಖ್ಯ ಕಾರಣ.

ಮೊದಲು ಲೆಕ್ಕವನ್ನು ನೋಡಬಹುದು. ದಿನಕ್ಕೆ 12 ಕಿಲೋಮೀಟರಿನಂತೆ ವರ್ಷದ 250 ದಿನಗಳಲ್ಲಿ 3000 ಕಿಲೋಮೀಟರು. ಲೀಟರಿಗೆ 50 ಕಿಲೋಮೀಟರು ಓಡುವ ಮೋಟಾರು ಸೈಕಲ್ಲಿಗೆ ಇದಕ್ಕೆ 60 ಲೀಟರು ಪೆಟ್ರೋಲು ಬೇಕು. ಲೀಟರಿಗೆ 100 ರೂಪಾಯಿ ಎಂದೇ ಹಿಡಿದರೂ 6000 ರೂಪಾಯಿ. 8000 ರೂಪಾಯಿಯ ಸೈಕಲ್ಲು, ಬೀಗ, ದೀಪ, ಶಿರಸ್ತ್ರಾಣಗಳಿಗೆ 2500 ರೂಪಾಯಿ, ವರ್ಷಕ್ಕೆ ದುರಸ್ತಿಗೆಂದು 1500 ರೂಪಾಯಿ ಎಂದಿಟ್ಟುಕೊಂಡರೆ, ಹೂಡಿದ ಹಣ 2 ವರ್ಷ 4 ತಿಂಗಳಲ್ಲಿ ಮರಳುತ್ತದೆ. ಅದೇ 25,000 ರೂಪಾಯಿ ಕೊಟ್ಟು, ವರ್ಷಕ್ಕೆ 3000 ರೂಪಾಯಿ ದುರಸ್ತಿ ಬೇಡುವ ಸೈಕಲ್ಲನ್ನು ತಂದರೆ 8 ವರ್ಷಗಳಿಗೂ ಹೆಚ್ಚು ಕಾಯಬೇಕು. ಮೋಟಾರು ಸೈಕಲ್ಲು ಮನೆಯಲ್ಲಿಯೇ ಇರುವವರೆಗೆ ಅದರ ವಿಮೆಯ ಕಂತು ತಪ್ಪುವುದಿಲ್ಲವೆಂಬುದನ್ನೂ ಮರೆಯಲಾಗದು. ಸೈಕಲ್ಲಿನ ಮೇಲಣ ಸರಕು ಮತ್ತು ಸೇವಾ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿರುವುದರಿಂದ, ಅಂಗಡಿಯವರು ಹಳೆಯ ದರಪಟ್ಟಿಯನ್ನು ಮುಂದಿಟ್ಟರೆ ಕೇಳಿ ತಿಳಿಯುವುದು ಯುಕ್ತ.

ಇನ್ನು ನೆಲದ ವಿಚಾರ. ಹೈದರಾಬಾದು ಬಂಡೆಗಲ್ಲುಗಳ ಮೇಲೆ ಬೆಳೆದ ನಗರ. ಹುಸೇನ್ ಸಾಗರದ ತುಂಬುಮಟ್ಟ ಸಮುದ್ರಮಟ್ಟದಿಂದ 513 ಮೀಟರು. ಬಂಜಾರಾ ಹಿಲ್ಸಿನ ನೆತ್ತಿಯಾದರೋ ಸುಮಾರು 670 ಮೀಟರು. ಟ್ಯಾಂಕ್ ಬಂಡಿನ ಮೇಲೆ ಸಲೀಸಾಗಿ ಸಾಗಿದ ಸೈಕಲ್ಲು ಬಂಜಾರಾ ಹಿಲ್ಸಿನ ಏರಿನಲ್ಲಿ ಸವಾರನನ್ನು ಇಳಿಸಿಬಿಡುತ್ತದೆ. ಇದಕ್ಕೆ ಹೆದರಿ ಅನೇಕರು 21 ಗೇರುಗಳ, ಮುಂದೆ ಹಿಂದೆ ಸ್ಪ್ರಿಂಗುಗಳುಳ್ಳ ದುಬಾರಿ ವಾಹನವನ್ನು ಕೊಳ್ಳುತ್ತಾರೆ. ಬಹುಮಂದಿಗೆ ಅದರ ಅಗತ್ಯವಿಲ್ಲ.

ಹಾಲಿನವರೂ ಅಂಚೆಯವರೂ ಬಳಸುತ್ತಿದ್ದ ಸಾಮಾನ್ಯ ಕರಿಯ ಸೈಕಲ್ಲನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಪೆಡಲಿನ ಬಳಿಯ ಹಲ್ಲುಗಾಲಿಯಲ್ಲಿ 44 ಹಲ್ಲುಗಳೂ ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲುಗಳೂ ಇವೆಯೆಂದು ಭಾವಿಸೋಣ. ಪೆಡಲನ್ನು ಒಂದು ಸುತ್ತು ತುಳಿದರೆ ಚಕ್ರವು 2.44 ಸುತ್ತು ಉರುಳಿ, ಸೈಕಲ್ಲು ಸುಮಾರು 5.4 ಮೀಟರು ಮುಂದೆ ಸಾಗುತ್ತದೆ. 18ರ ಬದಲು 22 ಹಲ್ಲುಗಳ ಫ್ರೀವೀಲನ್ನು ಹಾಕಿಸಿದರೆ ಸಾಗುವ ದೂರ ಸುಮಾರು 4.5 ಮೀಟರಿಗೆ ಇಳಿಯುತ್ತದೆ. ಕಾಲಿನ ಮೇಲೆ ಬೀಳುವ ಭಾರ ಶೇಕಡಾ 18ರಷ್ಟು ಕುಗ್ಗುತ್ತದೆ. ವೇಗ ಕಡಿಮೆಯಾದೀತೆಂಬ ಅಂಜಿಕೆ ಬೇಡ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ 16 ಕಿಲೋಮೀಟರು ದೊರೆಯುತ್ತದೆ. ಕೋಠಿಯ ಜನಸಂದಣಿಯಲ್ಲಿ ಇದಕ್ಕಿಂತ ಹೆಚ್ಚಿನ ವೇಗ ಯಾವ ವಾಹನಕ್ಕೆ ಸಾಧ್ಯ? ಸಣ್ಣ ವೆಚ್ಚದಲ್ಲಿ ಯಾವ ದುರಸ್ತಿಗಾರನಾದರೂ ಮಾಡಿಕೊಡುವ ಬದಲಾವಣೆ ಇದು. ಸರಪಳಿಗೆ ಒಂದೆರಡು ಕೊಂಡಿಗಳನ್ನು ಸೇರಿಸಬೇಕಾಗಬಹುದು, ಅಷ್ಟೆ.

ನಿತ್ಯವೂ ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್‌ಗಳನ್ನು ಏರಲೇಬೇಕಾದವರ ಮಾತು ಬೇರೆ. ಅವರಿಗೆ ಗೇರು ಬೇಕು. ಹಿಂದೆ 6 ಅಥವಾ 7 ಗೇರುಗಳಿದ್ದು, ಅವುಗಳಲ್ಲಿ ಅತಿ ದೊಡ್ಡದು 28 ಹಲ್ಲುಗಳದಾಗಿದ್ದರೆ ಸಾಕು. ಅಗ್ಗದ ಸೈಕಲ್ಲುಗಳ ಸ್ಪ್ರಿಂಗು ಕವಲು ಮಾತ್ರ ಯಾರಿಗೂ ಬೇಡ. ಅದು ತೂಕವನ್ನು ಹೆಚ್ಚಿಸುತ್ತದೆ, ತುಳಿದ ಶ್ರಮವನ್ನು ನುಂಗುತ್ತದೆ, ಕೆಟ್ಟರೆ ಸರಿಪಡಿಸುವವರು ಸಿಗುವುದಿಲ್ಲ. ರಸ್ತೆಯ ಹಳ್ಳಗಳಿಗೆ ತುಸು ಅಗಲವಾದ ಟೈರೇ ಉತ್ತಮ ಪರಿಹಾರ.

ಬ್ರೇಕಿನ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಹಳೆಯ ಮಾದರಿಯ ಉಕ್ಕಿನ ರಿಮ್ಮು ಮಳೆಯಲ್ಲಿ ತೊಯ್ದಾಗ ರಬ್ಬರಿನ ಹಿಡಿತ ಬಹಳ ಮಟ್ಟಿಗೆ ತಪ್ಪುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಲ್ಲಿ, ಇಳಿಜಾರಿನ ಕೊನೆಗೆ ಬಸ್ಸೊಂದು ಅಡ್ಡಬಂದಾಗ, ಇದು ಪ್ರಾಣದ ಪ್ರಶ್ನೆ. ಅಲ್ಯೂಮಿನಿಯಂ ರಿಮ್ಮು ಇರುವುದಕ್ಕೆ ಕೆಲವು ನೂರು ರೂಪಾಯಿ ಹೆಚ್ಚು ತೆರಬೇಕಾದರೂ ತೆರುವುದೇ ಲೇಸು. ರಾತ್ರಿ ಮರಳುವವರು ಹಿಂಬದಿಯ ಕೆಂಪು ದೀಪವನ್ನು ಅಲಂಕಾರವೆಂದು ಎಣಿಸಬಾರದು.

ಮೈಕಟ್ಟಿಗೆ ಸೈಕಲ್ಲು ಹೊಂದುವುದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬೇಕು. ಅಡ್ಡಕೊಳವೆಯ ಇಬ್ಬದಿಯಲ್ಲಿ ಕಾಲೂರಿ ನಿಂತಾಗ, ಕೊಳವೆಗೂ ತೊಡೆಸಂಧಿಗೂ ನಡುವೆ ಎರಡು ಬೆರಳಿನ ಅಂತರವಾದರೂ ಇರಬೇಕು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು. ಹಾಗಾದರೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಕೊಂಚವೇ ಬಾಗಿರುತ್ತದೆ. ಬೀಳುವ ಭಯದಿಂದ ಸೀಟನ್ನು ತೀರ ತಗ್ಗಿಸಿಕೊಂಡು, ತಿಂಗಳಾಗುವಷ್ಟರಲ್ಲಿ ಮೊಣಕಾಲು ನೋವೆಂದು ಸೈಕಲ್ಲನ್ನೇ ಬಿಟ್ಟವರು ಎಷ್ಟೋ ಮಂದಿ. ಸೀರೆ, ಪಂಚೆ ಉಡುವವರಿಗೆ ಸರಪಳಿಯ ಪೂರ್ಣ ಮುಚ್ಚಳವೂ ಚಕ್ರದ ಬಟ್ಟೆಗಾಪೂ ಅವಶ್ಯ. ಈ ದೃಷ್ಟಿಯಿಂದ ಹಳೆಯ ಮಾದರಿಗಳೇ ಹೊಸವಕ್ಕಿಂತ ವಿವೇಕದಿಂದ ರಚಿತವಾಗಿವೆ.

ಬಳಸಿದ ಸೈಕಲ್ಲನ್ನು ಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ. ಮುಂಗೊಳವೆಯ ಬೆಸುಗೆಯಲ್ಲಿ ಬಿರುಕಿದೆಯೇ, ಚಕ್ರವನ್ನೆತ್ತಿ ತಿರುಗಿಸಿದರೆ ಓಲಾಡುತ್ತದೆಯೇ, ಪೆಡಲಿನ ತೋಳನ್ನು ಪಕ್ಕಕ್ಕೆ ಅಲುಗಿಸಿದರೆ ಸಡಿಲವಿದೆಯೇ ಎಂದು ನೋಡಿ, ಚೌಕಟ್ಟಿನ ಸಂಖ್ಯೆಯನ್ನು ರಸೀದಿಯಲ್ಲಿ ಬರೆಯಿಸಿಕೊಂಡರಾಯಿತು.

2023ರಲ್ಲಿ ಹೊರವರ್ತುಲ ರಸ್ತೆಯ ಬದಿಯಲ್ಲಿ, ಸೌರಫಲಕಗಳ ಚಾವಣಿಯ ಕೆಳಗೆ, 23 ಕಿಲೋಮೀಟರು ಉದ್ದದ ಸೈಕಲ್ ಪಥ ತೆರೆಯಿತು. ಭಾನುವಾರದ ಸವಾರಿಗೆ ಅದು ಸೊಗಸಾದರೂ ಕಾಚಿಗುಡದಿಂದ ಅಬಿಡ್ಸಿಗೆ ಹೋಗುವ ಗುಮಾಸ್ತನಿಗೆ ನೆರವಾಗದು. ಆತನು ಹೆದ್ದಾರಿಯನ್ನು ಬಿಟ್ಟು ಒಳರಸ್ತೆಗಳ ದಾರಿಯೊಂದನ್ನು ರಜೆಯ ದಿನ ಗೊತ್ತುಮಾಡಿಕೊಳ್ಳಬೇಕು. ಎರಡು ಫರ್ಲಾಂಗು ಸುತ್ತಾದರೂ ಹೊಗೆ ಕಡಿಮೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲೇರುವ ಮುನ್ನವೇ ಹೊರಡಬೇಕು. ನಲವತ್ತು ದಾಟಿದವರೂ, ಎದೆನೋವು, ಮಧುಮೇಹ, ರಕ್ತದೊತ್ತಡಗಳಿರುವವರೂ ವೈದ್ಯರನ್ನು ಕಂಡ ಬಳಿಕವೇ ಆರಂಭಿಸಿ, ಮೊದಲ ಹದಿನೈದು ದಿನ ವಾರಕ್ಕೆ ಎರಡು ಸಲ ಮಾತ್ರ ಹೋಗಿಬರುವುದು ಕ್ಷೇಮ. ಹೊಸ ಸೈಕಲ್ಲಿನ ಅರೆಕಡ್ಡಿಗಳೂ ತಿರುಪುಗಳೂ ಮೊದಲ ನೂರು ಕಿಲೋಮೀಟರುಗಳಲ್ಲಿ ಸಡಿಲಗೊಳ್ಳುವುದು ಸಹಜ. ಅಷ್ಟು ದೂರ ಓಡಿದೊಡನೆ ಅಂಗಡಿಗೆ ಮರಳಿ ಒಯ್ದು ಎಲ್ಲವನ್ನೂ ಬಿಗಿಗೊಳಿಸಿಕೊಳ್ಳಬೇಕು.