ಅಂಧರಿಗೂ ಕಾಯಕ

ಶರಣಧರ್ಮದಲ್ಲಿ ಕಾಯಕಕ್ಕೆ ಯಾರೂ ಹೊರತಲ್ಲ. ಹಾಗಿರಲು ಕಣ್ಣಿಲ್ಲದವರಿಗೆ ಅನ್ನವಿಕ್ಕಿ ಮನೆಯ ಮೂಲೆಯಲ್ಲಿ ಕುಳ್ಳಿರಿಸಿದ ಮಾತ್ರಕ್ಕೆ ದಾಸೋಹವು ಪೂರ್ಣವಾದೀತೆ?

ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳ ಸಂಗೀತಾಭ್ಯಾಸಕ್ಕೆ ಹಾನಗಲ್ಲ ಕುಮಾರಸ್ವಾಮಿಗಳು ಆಶ್ರಯವಿತ್ತರು. ಗವಾಯಿಗಳು 1944ರಲ್ಲಿ ಲಿಂಗೈಕ್ಯರಾಗುವವರೆಗೂ ಅಂಧ ಬಾಲಕರಿಗೆ ಅನ್ನದೊಡನೆ ವಿದ್ಯೆಯನ್ನೂ ಇತ್ತರು. ಆ ಬಾಲಕರಲ್ಲೊಬ್ಬರಾದ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ 2010ರವರೆಗೆ ಅದೇ ಸೇವೆಯನ್ನು ಮುಂದುವರಿಸಿದರು.

ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಸದ್ಭಕ್ತರಿಗೂ ಇದು ದಾರಿ. ವೃದ್ಧರ ಕಣ್ಣಿನ ಪೊರೆಯನ್ನು ಹಣೆಬರಹವೆಂದು ಬಿಡದೆ ಊರವರು ಅವರನ್ನು ಶಸ್ತ್ರಚಿಕಿತ್ಸೆಗೆ ಕರೆದೊಯ್ಯಬೇಕು, ದೃಷ್ಟಿ ಮರಳುವುದುಂಟು. ಮರಳದವರಿಗೆ ಕೋಲೂರಿ ಹೊಲಕ್ಕೂ ಮಠಕ್ಕೂ ತಾವೇ ನಡೆಯುವುದನ್ನು, ಹಸು ಸಾಕುವುದನ್ನು ಕಲಿಸಬೇಕು. ಮಕ್ಕಳಿಗೆ ಬ್ರೈಲ್ ಲಿಪಿ ದೊರೆಯಬೇಕು. ಅವರು ದುಡಿದು ತಂದ ಹಿಡಿ ಅಕ್ಕಿ ಜಂಗಮದಾಸೋಹಕ್ಕೆ ಸಂದ ದಿನ ಊರಿನ ಸೇವೆ ಸಾರ್ಥಕ.